ಕಲ್ಲಾದ ಚಿಪ್ಪುಗಳ ಕೈಬದಲು: ಹೈದರಾಬಾದ್ ಸೀಮೆಯ ಪಳೆಯುಳಿಕೆ ಸಂಗ್ರಾಹಕರು ಮತ್ತು ಹಂಚಿಕೆಯ ಚರಿತ್ರೆ

ದಖನ್ನಿನ ಚರಿತ್ರೆಯನ್ನು ಕುರಿತು ಕೆಲಸ ಮಾಡುವವರು ಶಾಸನ, ನಾಣ್ಯ, ಕಡತ, ಸ್ಮಾರಕಗಳನ್ನು ಆಕರಗಳೆಂದು ಭಾವಿಸಿ ಬಂದಿದ್ದೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಸಂಗ್ರಹಿಸಿದ ಕೈಗಳೇ ಮತ್ತೊಂದು ಬಗೆಯ ಆಕರವನ್ನೂ ಸಂಗ್ರಹಿಸುತ್ತಿದ್ದವೆಂಬುದು ನಮ್ಮ ಬರಹಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗಿಲ್ಲ. ಆ ಆಕರವೇ ಪಳೆಯುಳಿಕೆ. ಹೈದರಾಬಾದನ್ನು ನೆಲೆಯಾಗಿ ಮಾಡಿಕೊಂಡಿದ್ದ ಸೈನ್ಯದ ವೈದ್ಯರು, ಭೂಮಾಪಕರು, ಅಧಿಕಾರಿಗಳು ದಾರಿಯಲ್ಲಿ ದೊರೆತ ಕಲ್ಲಾದ ಚಿಪ್ಪು, ಮೀನು, ಬೀಜಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು; ಕಲ್ಕತ್ತೆಗೂ ಲಂಡನ್ನಿಗೂ ಕಳುಹಿಸಿದರು. ಈ ಕೈಬದಲಿನಿಂದ ದಖನ್ನಿನ ನೆಲದ ವಯಸ್ಸು ಮೊದಲ ಬಾರಿಗೆ ಚರ್ಚೆಗೆ ಬಂದಿತು. ಅದೇ ಕೈಬದಲಿನಲ್ಲಿ ಕೆಲವು ಸಂಗತಿಗಳು ಕಳೆದುಹೋದವು. ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಹೈದರಾಬಾದ್ ಎಂದರೆ ನಗರವಷ್ಟೇ ಅಲ್ಲ. 1956ರ ಭಾಷಾವಾರು ಪುನರ್ವಿಂಗಡಣೆಯವರೆಗೆ ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ಈ ರಾಜ್ಯದ ಭಾಗವಾಗಿದ್ದವು. ಗೋದಾವರಿಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗಿನ ಈ ನೆಲವನ್ನು ಒಂದೇ ಘಟಕವಾಗಿ ನೋಡದೆ ಇಲ್ಲಿನ ಸಂಗ್ರಹದ ಕಥೆ ಪೂರ್ಣವಾಗುವುದಿಲ್ಲ.

ಪೂಜೆಯ ಕಲ್ಲು, ಅಧ್ಯಯನದ ಕಲ್ಲು

ಪಳೆಯುಳಿಕೆಯನ್ನು ಕೂಡಿಟ್ಟು ಹಂಚಿಕೊಳ್ಳುವ ಪದ್ಧತಿ ನಮಗೆ ಹೊಸದಲ್ಲ. ಗಂಡಕಿ ನದಿಯಿಂದ ಬರುವ ಸಾಲಿಗ್ರಾಮಗಳಲ್ಲಿ ಅನೇಕವು ಅಮ್ಮೊನೈಟ್ ಎಂಬ ಕಡಲಜೀವಿಯ ಶಿಲಾರೂಪಗಳು. ಕನ್ನಡ ನಾಡಿನ ಮನೆಗಳಲ್ಲಿ ಅವು ತಂದೆಯಿಂದ ಮಗನಿಗೆ ಬರುತ್ತವೆ. ಪಾಲಾಗುವಾಗ ಯಾರ ಮನೆಗೆ ಯಾವುದು ಎಂಬ ಮಾತೂ ಏಳುತ್ತದೆ. ಚಕ್ರದ ಗುರುತು, ಬಣ್ಣ, ಆಕಾರಗಳನ್ನು ನೋಡಿ ಹೆಸರಿಡುವ ಕ್ರಮವೂ ಉಂಟು. ಅಂದರೆ ಸಂಗ್ರಹ, ವರ್ಗೀಕರಣ, ಹಸ್ತಾಂತರ ಎಂಬ ಮೂರೂ ಅಲ್ಲಿವೆ. ಕಲ್ಲು ದೊರೆತ ಪದರ ಯಾವುದು, ಅದರ ಕೆಳಗೇನಿತ್ತು, ಮೇಲೇನಿತ್ತು ಎಂಬ ಪ್ರಶ್ನೆ ಮಾತ್ರ ಅಲ್ಲಿಲ್ಲ. ಈ ಪ್ರಶ್ನೆ ಹುಟ್ಟಿದಾಗಲೇ ಪೂಜೆಯ ಕಲ್ಲು ಅಧ್ಯಯನದ ಕಲ್ಲಾಯಿತು. ದಖನ್ನಿನ ಮಟ್ಟಿಗೆ ಆ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಹೆನ್ರಿ ವೆಸ್ಲಿ ವಾಯ್ಸಿ ಪ್ರಮುಖರು.

ವಾಯ್ಸಿ ಮತ್ತು ಮಾಲ್ಕಮ್ಸನ್

ವಾಯ್ಸಿಯವರು ವೃತ್ತಿಯಿಂದ ವೈದ್ಯರು. ಕರ್ನಲ್ ಲ್ಯಾಂಬ್ಟನ್ ನಡೆಸುತ್ತಿದ್ದ ಮಹಾ ತ್ರಿಕೋನಮಿತಿ ಮೋಜಣಿಗೆ 1818ರಲ್ಲಿ ಶಸ್ತ್ರವೈದ್ಯರೂ ಭೂವಿಜ್ಞಾನಿಯೂ ಆಗಿ ನೇಮಕಗೊಂಡರು. ಹೈದರಾಬಾದ್ ಅವರ ನೆಲೆಯಾಗಿತ್ತು. ಆ ಸೀಮೆಯ ಶಿಲೆಗಳ ನಕ್ಷೆಯನ್ನು ಅವರು ಸಿದ್ಧಪಡಿಸಿದರು. 1823ರ ಏಪ್ರಿಲಿನಲ್ಲಿ ಗಾವಿಲಗಡ ಬೆಟ್ಟಸಾಲಿನಲ್ಲಿ ಕಪ್ಪುಶಿಲೆಯ ನಡುವೆ ಕಲ್ಲಾದ ಚಿಪ್ಪುಗಳು ಅವರಿಗೆ ದೊರೆತವು. ಮರುವರ್ಷವೇ, 1824ರಲ್ಲಿ, ಕಲ್ಕತ್ತೆಗೆ ಹೋಗುವ ದಾರಿಯಲ್ಲಿ ಅವರು ತೀರಿಕೊಂಡರು. ಚಿಪ್ಪುಗಳನ್ನು ಕುರಿತ ಬರಹ ಏಷಿಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾದುದು ಅವರ ಮರಣಾನಂತರ. ಅವರ ದಿನಚರಿಯ ಭಾಗಗಳೂ ಅನಂತರ ಅದೇ ಸಂಸ್ಥೆಯ ಪತ್ರಿಕೆಯಲ್ಲಿ ಬೆಳಕು ಕಂಡವು.

ಈ ಚಿಪ್ಪುಗಳ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ದಖನ್ನಿನ ಕಪ್ಪುಶಿಲೆ ಬೆಂಕಿಯಿಂದ ಹುಟ್ಟಿದುದೋ ನೀರಿನಲ್ಲಿ ತಳವೂರಿದುದೋ ಎಂಬಂಥ ವಿವಾದ ಅಂದಿನ ಯುರೋಪಿನಲ್ಲಿ ಇನ್ನೂ ಆರಿರಲಿಲ್ಲ. ಕರಗಿದ ಶಿಲಾರಸದಲ್ಲಿ ಬಸವನಹುಳು ಬದುಕಲಾರದು. ಆದುದರಿಂದ ಎರಡು ಕಪ್ಪುಶಿಲೆಯ ಪದರಗಳ ನಡುವೆ ಸಿಹಿನೀರಿನ ಚಿಪ್ಪು ದೊರೆತರೆ, ಒಂದು ಪ್ರವಾಹ ಹರಿದು ತಣ್ಣಗಾದ ಮೇಲೆ ಮತ್ತೊಂದು ಹರಿಯುವುದರೊಳಗೆ ಅಲ್ಲಿ ಕೆರೆಗಳು ನಿಂತು ಜೀವಿಗಳು ನೆಲೆಸುವಷ್ಟು ಬಿಡುವಿತ್ತೆಂದು ತಿಳಿಯಬೇಕಾಗುತ್ತದೆ. ಈ ಪ್ರವಾಹಗಳ ಕಾಲ ಈಗಿನಿಂದ ಸುಮಾರು 6.6 ಕೋಟಿ ವರ್ಷಗಳ ಹಿಂದಿನದೆಂದು ಇಂದು ತಿಳಿದಿದೆ. ಹೀಗೆ ಅಂಗೈಯಲ್ಲಿ ಹಿಡಿಯಬಹುದಾದ ಚಿಪ್ಪೊಂದು ಇಡೀ ಪ್ರಸ್ಥಭೂಮಿಯ ಚರಿತ್ರೆಗೆ ಸಾಕ್ಷಿಯಾಯಿತು.

ವಾಯ್ಸಿಯವರ ದಾರಿಯನ್ನು ಮುಂದುವರಿಸಿದವರು ಜಾನ್ ಗ್ರಾಂಟ್ ಮಾಲ್ಕಮ್ಸನ್. ಇವರೂ ವೈದ್ಯರೇ, ಮದರಾಸು ಸೈನ್ಯದ ಸೇವೆಯಲ್ಲಿದ್ದವರು. ಹೈದರಾಬಾದಿನಿಂದ ನಾಗಪುರಕ್ಕೆ ಹೋಗುವ ಹಾದಿಯಲ್ಲಿ, ನಿರ್ಮಲ್ ಸೀಮೆಯ ಬೆಟ್ಟಗಳಲ್ಲಿ, ಅವರು ಚಿಪ್ಪುಗಳನ್ನೂ ನೀರುಸಸ್ಯಗಳ ಸೂಕ್ಷ್ಮ ಬೀಜಕಾಯಗಳನ್ನೂ ಆಯ್ದರು. ಅವರ ಪ್ರಬಂಧ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಓದಲ್ಪಟ್ಟು 1840ರಲ್ಲಿ ಪ್ರಕಟವಾಯಿತು. ಮಾದರಿಗಳಿಗೆ ಹೆಸರಿಟ್ಟು ವರ್ಣಿಸಿದವರು ಜೇಮ್ಸ್ ಡಿ ಕಾರ್ಲ್ ಸವರ್ಬಿ. ಒಂದು ಸಸ್ಯಕ್ಕೆ ಅವರು ಕಾರಾ ಮಾಲ್ಕಮ್ಸೋನಿ ಎಂದು ಹೆಸರಿಟ್ಟರು. ಒಂದು ಬಸವನಹುಳುವಿಗೆ ಫೈಸಾ ಪ್ರಿನ್ಸೆಪಿ ಎಂದು.

ಈ ಎರಡನೆಯ ಹೆಸರಿನ ಬಳಿ ಕನ್ನಡ ಸಂಶೋಧಕರು ಒಂದು ಕ್ಷಣ ನಿಲ್ಲಬೇಕು. ಅದು ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಓದಿದ ಜೇಮ್ಸ್ ಪ್ರಿನ್ಸೆಪ್ ಅವರನ್ನು ನೆನೆಯುವ ಹೆಸರು. ಏಷಿಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾಗಿ, ಅದರ ಪತ್ರಿಕೆಯ ಸಂಪಾದಕರಾಗಿ, ಪ್ರಾಂತ್ಯಗಳಲ್ಲಿ ಚದುರಿದ್ದ ಸಂಗ್ರಾಹಕರು ಕಳುಹಿಸುತ್ತಿದ್ದ ನಾಣ್ಯಗಳನ್ನೂ ಶಾಸನದ ಪ್ರತಿಗಳನ್ನೂ ಕಲ್ಲಾದ ಎಲುಬುಗಳನ್ನೂ ಅವರು ಒಂದೇ ಮೇಜಿನ ಮೇಲೆ ಬರಮಾಡಿಕೊಳ್ಳುತ್ತಿದ್ದರು. ಅಶೋಕನ ಶಾಸನವನ್ನು ಓದಿದವರ ಹೆಸರು ನಮ್ಮ ಪ್ರಸ್ಥಭೂಮಿಯ ಬಸವನಹುಳುವಿಗೆ ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಎರಡೂ ವಿದ್ಯೆಗಳು ಒಂದೇ ಹಂಚಿಕೆಯ ಜಾಲದಲ್ಲಿ ಬೆಳೆದವೆಂಬುದಕ್ಕೆ ಅದು ಪುರಾವೆ. ಇತ್ತೀಚಿನ ಬರಹಗಳಲ್ಲಿ ಈ ಜೀವಿಯ ಗಣನಾಮ ಬದಲಾಗಿದೆ. ಪ್ರಿನ್ಸೆಪ್ ಹೆಸರು ಉಳಿದಿದೆ.

ಇಂಥ ಉದಾಹರಣೆಗಳು ಇನ್ನೂ ಇವೆ. ಧಾರವಾಡ ಪ್ರಾಂತ್ಯದಲ್ಲಿ ಶಾಸನಗಳ ಪ್ರತಿಗಳನ್ನು ಮಾಡಿಸಿದ ವಾಲ್ಟರ್ ಎಲಿಯಟ್ ಅದೇ ಪ್ರದೇಶದ ಪ್ರಾಣಿಗಳ ಪಟ್ಟಿಯನ್ನೂ ಪ್ರಕಟಿಸಿದರು. ನಾಗಪುರದ ಮಿಷನರಿ ಸ್ಟೀಫನ್ ಹಿಸ್ಲಪ್, ಸಹೋದ್ಯೋಗಿ ಹಂಟರ್ ಜೊತೆಗೂಡಿ ಆ ಸೀಮೆಯ ಪಳೆಯುಳಿಕೆಗಳನ್ನು 1855ರಲ್ಲಿ ಪರಿಚಯಿಸಿದರು. 1863ರಲ್ಲಿ ಅವರು ನೀರುಪಾಲಾದ ಮೇಲೆ ಅಚ್ಚಾದ ಅವರ ಟಿಪ್ಪಣಿಗಳು ಮಧ್ಯಪ್ರಾಂತ್ಯದ ಬುಡಕಟ್ಟುಗಳನ್ನು ಕುರಿತವು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡವರು ನಿಜಾಮ ಸಂಸ್ಥಾನದಲ್ಲಿ ಚಿನ್ನದ ಶೋಧದಲ್ಲಿದ್ದ ಗಣಿ ಎಂಜಿನಿಯರ್ ಬೀಡನ್. ನೆಲವನ್ನು ನೋಡುತ್ತ ನಡೆದವರ ಕಣ್ಣಿಗೆ ಅಕ್ಷರವೂ ಬಿದ್ದಿತು.

ಕೋಟಾದ ಮೀನು

ಹಂಚಿಕೆಯ ಕ್ರಮ ಹೇಗಿತ್ತೆಂಬುದನ್ನು ತಿಳಿಯಲು ಕೋಟಾದ ಪ್ರಸಂಗ ಸಹಾಯಕವಾಗುತ್ತದೆ. ಕೋಟಾ ಪ್ರಾಣಹಿತಾ ನದಿಯ ದಂಡೆಯ ಒಂದು ಹಳ್ಳಿ. ಇಂದು ಮಹಾರಾಷ್ಟ್ರದ ಸಿರೊಂಚ ತಾಲ್ಲೂಕಿಗೆ ಸೇರಿದೆ. ಅಲ್ಲಿನ ಸುಣ್ಣಕಲ್ಲಿನಲ್ಲಿ ದೊರೆತ ಮೀನಿನ ಪಳೆಯುಳಿಕೆ ಕರ್ನಲ್ ಸೈಕ್ಸ್ ಅವರ ಮೂಲಕ ಲಂಡನ್ನಿನ ಸಂಘವನ್ನು ತಲುಪಿತು. ಮೀನುಗಳ ಪಳೆಯುಳಿಕೆಯಲ್ಲಿ ತಜ್ಞರಾಗಿದ್ದ ಫಿಲಿಪ್ ಎಜರ್ಟನ್ 1851ರಲ್ಲಿ ಅದನ್ನು ಲೆಪಿಡೋಟಸ್ ಡೆಕ್ಕನೆನ್ಸಿಸ್ ಎಂದು ಕರೆದರು. ಡಾಕ್ಟರ್ ಟಿ. ಎಲ್. ಬೆಲ್ ಕೋಟಾದ ಸುತ್ತಲಿನ ಶಿಲೆಗಳನ್ನೂ ಅಲ್ಲಿ ನಡೆದ ಕೊರೆತವನ್ನೂ ಕುರಿತು 1852 ಮತ್ತು 1853ರಲ್ಲಿ ಬರೆದರು.

ಇಲ್ಲಿ ನಾಲ್ಕು ಕೈಗಳನ್ನು ಗುರುತಿಸಬಹುದು. ಕಲ್ಲನ್ನು ಒಡೆದು ತೆಗೆದವನದು ಮೊದಲನೆಯದು. ಅದನ್ನು ಪಡೆದು ಕಾಪಾಡಿದ ಅಧಿಕಾರಿಯದು ಎರಡನೆಯದು. ಸಂಘಕ್ಕೆ ಮುಟ್ಟಿಸಿದ ಮಧ್ಯವರ್ತಿಯದು ಮೂರನೆಯದು. ಹೆಸರಿಟ್ಟ ಪಂಡಿತನದು ನಾಲ್ಕನೆಯದು. ಈ ಲೇಖನದಲ್ಲಿ ಇದುವರೆಗೆ ಬಂದ ಜೀವಿಗಳ ಹೆಸರುಗಳನ್ನು ಮತ್ತೆ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮಾಲ್ಕಮ್ಸನ್ ಹೆಸರಿನಲ್ಲಿ ಸಂಗ್ರಾಹಕನಿದ್ದಾನೆ, ಪ್ರಿನ್ಸೆಪ್ ಹೆಸರಿನಲ್ಲಿ ಸಂಪಾದಕನಿದ್ದಾನೆ, ಡೆಕ್ಕನೆನ್ಸಿಸ್ ಎಂಬಲ್ಲಿ ನಾಡು ಇದೆ. ಮೊದಲನೆಯ ಕೈ ಯಾವ ಹೆಸರಿನಲ್ಲಿಯೂ ಇಲ್ಲ. ಹಂಚಿಕೆಯು ಸಮಾನರ ನಡುವೆ ನಡೆಯಿತು. ಯಾರು ಸಮಾನರೆಂಬುದು ಮೊದಲೇ ತೀರ್ಮಾನವಾಗಿತ್ತು.

ಹಳ್ಳಿಯ ಹೆಸರು, ಇಂಗ್ಲಿಷ್ ಕಾಗುಣಿತ

ಕಳೆದುಹೋದ ಮತ್ತೊಂದು ಸಂಗತಿ ಸ್ಥಳ. ಪಳೆಯುಳಿಕೆಗೆ ಬೆಲೆ ಬರುವುದು ಅದು ದೊರೆತ ಪದರದಿಂದ; ಊರ ಹೆಸರು ತಪ್ಪಿದರೆ ಪದರವೂ ತಪ್ಪುತ್ತದೆ. ಆ ಕಾಲದ ಪ್ರಬಂಧಗಳ ಶೀರ್ಷಿಕೆಯಲ್ಲಿ ‘ಕೋಟಾ, ಡೆಕ್ಕನ್’ ಎಂದು ಬರೆಯಬೇಕಾಗಿ ಬಂದುದನ್ನು ಗಮನಿಸಬಹುದು. ರಾಜಸ್ಥಾನದ ಕೋಟಾದಿಂದ ಇದನ್ನು ಬೇರ್ಪಡಿಸಲು ಆ ವಿಶೇಷಣ ಇಂದಿಗೂ ಬೇಕು.

ನಮ್ಮ ಕಡೆಯ ಉದಾಹರಣೆಯೊಂದಿದೆ. ರಾಬರ್ಟ್ ಬ್ರೂಸ್ ಫೂಟ್ ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ, ಘಟಪ್ರಭಾ ಸೀಮೆಯ ಹಳೆಯ ಮೆಕ್ಕಲಿನಲ್ಲಿ ಖಡ್ಗಮೃಗದ ಪಳೆಯುಳಿಕೆಯನ್ನು ಕಂಡು, 1874ರಲ್ಲಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂಬ ಹೆಸರಿನಿಂದ ತಾವೇ ವರ್ಣಿಸಿದರು. ಸಂಗ್ರಾಹಕನೂ ಹೆಸರಿಟ್ಟವನೂ ಇಲ್ಲಿ ಒಬ್ಬನೇ ಆದನೆಂಬುದು ಗಮನಾರ್ಹ. ಸ್ಥಳದ ಹೆಸರನ್ನು ಇಂಗ್ಲಿಷಿನಲ್ಲಿ ‘ಚಿಕ್‌ಡೌಲಿ’ ಎಂದು ಓದುವಂತೆ ಬರೆಯಲಾಗಿದೆ. ಅದೇ ಕಾಗುಣಿತ ಮುಂದಿನ ಬರಹಗಳಲ್ಲಿಯೂ ನಡೆದುಬಂದಿದೆ. ಗೋಕಾಕ ತಾಲ್ಲೂಕಿನಲ್ಲಿ ಚಿಗಡೊಳ್ಳಿ ಎಂಬ ಊರಿದೆ. ಫೂಟ್ ಅವರ ಸ್ಥಳ ಇದೇ ಆಗಿರಬೇಕೆಂಬುದು ನಮ್ಮ ಊಹೆ. ನೆಲದ ಮೇಲೆ ನಡೆದು ಇದನ್ನು ಖಚಿತಪಡಿಸಬೇಕು. ಇಷ್ಟನ್ನು ಊಹಿಸಲು ಭೂವಿಜ್ಞಾನ ಬೇಕಿಲ್ಲ, ಕನ್ನಡ ಬೇಕು. ಸ್ಥಳನಾಮ ಅಧ್ಯಯನ ಈ ಕ್ಷೇತ್ರಕ್ಕೆ ಕೊಡಬಹುದಾದ ಕಾಣಿಕೆ ಇಂಥದು.

ಹಂಚಿಕೆಯ ಸ್ವರೂಪ ಬದಲಾದುದು

ಇಪ್ಪತ್ತನೆಯ ಶತಮಾನದ ಮೂರನೆಯ ನಾಲ್ಕನೆಯ ದಶಕಗಳಲ್ಲಿ ಚಿತ್ರ ಬದಲಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಮತ್ತು ಅವರ ಜೊತೆಗಾರರು ರಾಜಮಹೇಂದ್ರಿಯ ಬಳಿಯ ಕಪ್ಪುಶಿಲೆಗಳ ನಡುವಣ ಪದರಗಳಿಂದಲೂ ತಿರುಚಿನಾಪಳ್ಳಿ ಜಿಲ್ಲೆಯಿಂದಲೂ ಪಾಚಿಗಳ ಪಳೆಯುಳಿಕೆಗಳನ್ನು ಸಂಗ್ರಹಿಸಿದರು. ವಿಯೆನ್ನಾದ ಯೂಲಿಯಸ್ ಪಿಯಾ ಆ ಕಾಲದ ಪಾಚಿ ತಜ್ಞರು. ಮಾದರಿಗಳು ಈ ಬಾರಿಯೂ ಕಡಲು ದಾಟಿದವು. ಆದರೆ ಬರಹದ ತಲೆಯ ಮೇಲೆ ಎರಡೂ ಕಡೆಯವರ ಹೆಸರುಗಳು ಬಂದವು. ರಾಮರಾವ್ ಮತ್ತು ಪಿಯಾ ಜೊತೆಯಾಗಿ ಬರೆದ ಪ್ರಬಂಧ 1936ರಲ್ಲಿ ಪ್ರಕಟವಾಯಿತು. ನೂರು ವರ್ಷಗಳ ಹಿಂದೆ ಮಾಲ್ಕಮ್ಸನ್ ಕಳುಹಿಸಿದರು, ಸವರ್ಬಿ ಹೆಸರಿಟ್ಟರು. ಈಗ ಕಳುಹಿಸಿದವರೂ ಹೆಸರಿಟ್ಟವರಾದರು. 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಬೆಂಗಳೂರಿನಲ್ಲಿ ಸ್ಥಾಪಿತವಾದಾಗ ಅದರ ಹಿಂದೆ ನಿಂತವರಲ್ಲಿ ರಾಮರಾವ್ ಮುಖ್ಯರು.

ಹೈದರಾಬಾದ್ ಸೀಮೆಯಲ್ಲಿಯೂ ಇದೇ ಬೆಳವಣಿಗೆಯನ್ನು ಕಾಣುತ್ತೇವೆ. ಕೋಟಾದ ಶಿಲಾಸಮೂಹವನ್ನು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿದ್ವಾಂಸರು ಮತ್ತೆ ಶೋಧಿಸಿ, ದೈತ್ಯ ಡೈನೊಸಾರ್ ಒಂದಕ್ಕೆ 1975ರಲ್ಲಿ ಬರಪಾಸಾರಸ್ ಟಾಗೋರೈ ಎಂದು ಹೆಸರಿಟ್ಟರು. ಅದರ ಅಸ್ಥಿಪಂಜರ ಕೋಲ್ಕತ್ತದಲ್ಲಿದೆ. ಅಂದಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ತೆಗೆದ ಎಲುಬುಗಳನ್ನು ಪಿ. ಯಾದಗಿರಿ 1988ರಲ್ಲಿ ಕೋಟಾಸಾರಸ್ ಯಾಮನಪಲ್ಲಿಯೆನ್ಸಿಸ್ ಎಂದು ವರ್ಣಿಸಿದರು. ಅದರ ಅಸ್ಥಿಪಂಜರವನ್ನು ಹೈದರಾಬಾದಿನ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿ ನಿಲ್ಲಿಸಲಾಗಿದೆ. ನಾಡಿನ ಹೆಸರಿದ್ದ ಜಾಗದಲ್ಲಿ ಈಗ ಹಳ್ಳಿಯ ಹೆಸರೇ ಬಂದಿರುವುದನ್ನೂ, ದೊರೆತ ವಸ್ತು ಸೀಮೆಯ ರಾಜಧಾನಿಯಲ್ಲಿಯೇ ಜನರ ಕಣ್ಣೆದುರು ನಿಂತಿರುವುದನ್ನೂ ನಾವು ಹಂಚಿಕೆಯ ಹೊಸ ಅರ್ಥವೆಂದು ತಿಳಿಯುತ್ತೇವೆ.

ಅದೇ 1988ರಲ್ಲಿ ಹೈದರಾಬಾದಿನ ಪಶ್ಚಿಮಕ್ಕಿರುವ ನಾಸ್ಕಲ್ ಎಂಬಲ್ಲಿನ ನಡುಪದರದಿಂದ ಜಿ. ವಿ. ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಡೆಕ್ಕನೊಲೆಸ್ಟೆಸ್ ಹಿಲ್ಲಿ ಎಂಬ ಪುಟ್ಟ ಸಸ್ತನಿಯನ್ನು ವರದಿ ಮಾಡಿದರು. ಭಾರತದಲ್ಲಿ ಕ್ರಿಟೇಷಿಯಸ್ ಯುಗದ ಸಸ್ತನಿ ದೊರೆತುದು ಅದೇ ಮೊದಲು. ಆಧಾರ ಕೆಲವು ಸಣ್ಣ ಹಲ್ಲುಗಳು ಮಾತ್ರ. ಇಂಥ ಹಲ್ಲುಗಳು ದಾರಿಹೋಕನ ಕಣ್ಣಿಗೆ ಬೀಳುವುದಿಲ್ಲ. ಮಣ್ಣನ್ನು ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಡಿ ಆರಿಸಬೇಕು. ಇದೇ ಬಗೆಯ ಪದರಗಳು ಕರ್ನಾಟಕದೊಳಗೆ ಗುರುಮಠಕಲ್ ಸೀಮೆಯಲ್ಲಿಯೂ ಇವೆ. ಅಲ್ಲಿನ ಸೂಕ್ಷ್ಮ ಪಳೆಯುಳಿಕೆಗಳನ್ನು ಕುರಿತ ಅಧ್ಯಯನಗಳು ಪ್ರಕಟವಾಗಿವೆ. ರಾಜ್ಯದ ಗಡಿ 1956ರಲ್ಲಿ ಬದಲಾಯಿತು, ಪದರ ಬದಲಾಗಲಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಂಚಿಕೊಂಡುದರಿಂದಲೇ ಜ್ಞಾನ ಬೆಳೆಯಿತು. ವಾಯ್ಸಿಯವರ ಚಿಪ್ಪುಗಳು ಅವರ ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ಅವರೊಡನೆ ಅವೂ ಮಣ್ಣಾಗುತ್ತಿದ್ದವು. ದೂರ ಹೋದವೆಂಬ ಒಂದೇ ಕಾರಣಕ್ಕೆ ಆ ಸಂಗ್ರಹವನ್ನು ಲೂಟಿಯೆಂದು ಕರೆಯುವುದು ಆತುರದ ಮಾತಾದೀತು. ಎರಡನೆಯದಾಗಿ, ಹಂಚಿಕೆ ಅಪೂರ್ಣವಾಗಿತ್ತು. ವಸ್ತು ಹೋಯಿತು, ಹೆಸರು ಬಂದಿತು. ಊರಿನ ಸರಿಯಾದ ಉಚ್ಚಾರ, ತೋರಿಸಿಕೊಟ್ಟವನ ಗುರುತು, ಆ ಕಲ್ಲಿಗೆ ಊರವರು ಏನೆನ್ನುತ್ತಿದ್ದರೆಂಬ ಮಾತು ದಾರಿಯಲ್ಲಿ ಬಿದ್ದುಹೋದವು.

ಕರ್ನಾಟಕದ ಹೊರಗಿರುವ ಕನ್ನಡ ಸಂಶೋಧಕರಿಗೆ ಇಲ್ಲೊಂದು ಅನುಕೂಲವಿದೆ. ಕೋಲ್ಕತ್ತದ ಏಷಿಯಾಟಿಕ್ ಸೊಸೈಟಿಯ ಸಂಪುಟಗಳು, ಹೈದರಾಬಾದಿನ ನಿಜಾಮ ಸರ್ಕಾರದ ಕಡತಗಳು, ಲಂಡನ್ನಿನ ಸಂಘದ ಪತ್ರಿಕೆಗಳು ಬೆಂಗಳೂರಿಗಿಂತ ಅವರಿಗೆ ಹತ್ತಿರ. ಶಾಸನಕ್ಕಾಗಿ ಈ ಪುಟಗಳನ್ನು ತಿರುವುವಾಗ ಪಕ್ಕದ ಪುಟದ ಚಿಪ್ಪನ್ನೂ ನೋಡಬೇಕೆಂದು, ಅಲ್ಲಿ ಮುರಿದು ಕುಳಿತಿರುವ ಊರ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ಬರೆದಿಡಬೇಕೆಂದು ನಮ್ಮ ವಿನಂತಿ. ಚಿಗಡೊಳ್ಳಿಯನ್ನು ಕುರಿತ ನಮ್ಮ ಊಹೆ ತಪ್ಪೆಂದು ಯಾರಾದರೂ ತೋರಿಸಿದರೆ ಅದನ್ನೂ ಸಂತೋಷದಿಂದ ಒಪ್ಪುತ್ತೇವೆ. ಮಾದರಿಯೊಂದು ತನ್ನ ಊರಿಗೆ ಮರಳಿ ಬಾರದಿರಬಹುದು. ಊರಿನ ಹೆಸರನ್ನಾದರೂ ಮಾದರಿಗೆ ಮರಳಿ ಕೊಡುವುದು ನಮ್ಮ ಕೈಯಲ್ಲಿದೆ.