ಸೇಲಂ ಸೀಮೆಯ ಉಕ್ಕೂ ಕಮ್ಮಾರನ ಅಡಿಗಲ್ಲೂ

ಕಮ್ಮಾರಿಕೆಯನ್ನು ಹೊಸದಾಗಿ ಕೈಗೊಳ್ಳುವ ತರುಣನು ಹಳೆಯ ಅಡಿಗಲ್ಲೊಂದನ್ನು ಕೊಳ್ಳಲು ಹೊರಡುವ ಮುನ್ನ ಸೇಲಂ–ಧರ್ಮಪುರಿ ಸೀಮೆಯ ಲೋಹಚರಿತ್ರೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳಿತು. ಏಕೆಂದರೆ ಅಡಿಗಲ್ಲಿನ ಯೋಗ್ಯತೆಯೆಲ್ಲ ಅದರ ಮುಖದ ಉಕ್ಕಿನಲ್ಲಿದೆ, ಆ ಉಕ್ಕಿನ ಮರ್ಮವನ್ನು ಈ ಸೀಮೆಯ ಜನ ಬಹುಕಾಲದ ಹಿಂದೆಯೇ ಬಲ್ಲವರಾಗಿದ್ದರು. ನೊಳಂಬ ಮಹೇಂದ್ರನ ಕನ್ನಡ ಶಾಸನ ದೊರೆತ ಧರ್ಮಪುರಿಯೂ ಅದರ ಸುತ್ತಣ ಬಾರಾಮಹಲೂ 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದು, ಅನಂತರ ಸೇಲಮಿನೊಡನೆ ಕಂಪನಿ ಸರ್ಕಾರದ ವಶವಾದವು.

ಸೇಲಮಿನ ಬಳಿಯ ಕಂಜಮಲೆ ಬೆಟ್ಟದ ಬಂಡೆಯಲ್ಲಿ ಬೆಣಚುಕಲ್ಲಿನೊಡನೆ ಪದರಪದರವಾಗಿ ಬೆರೆತಿರುವ ಅಯಸ್ಕಾಂತದ ಅದಿರನ್ನು ಕುಟ್ಟಿ ಪುಡಿಮಾಡಿ, ಹಗುರವಾದ ಕಲ್ಪುಡಿಯನ್ನು ಬೇರ್ಪಡಿಸಿ, ಮಣ್ಣಿನ ಕುಲುಮೆಯಲ್ಲಿ ಇದ್ದಿಲಿನೊಡನೆ ತಿದಿಯೊತ್ತಿ ಕಾಯಿಸಿದರೆ ದೊರೆಯುತ್ತಿದ್ದುದು ಮೆದುಕಬ್ಬಿಣದ ಗಡ್ಡೆ. ಅದನ್ನು ಉಕ್ಕಾಗಿಸುವ ಕ್ರಮವು ಇನ್ನೂ ಸೂಕ್ಷ್ಮವಾದುದು. ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು, ಒಣಗಿದ ಆವರಿಕೆಯ ಕಟ್ಟಿಗೆಯ ಚೂರುಗಳನ್ನು ಸೇರಿಸಿ, ಮೇಲೆ ಎಕ್ಕದ ಎಲೆ ಹೊದಿಸಿ, ಬಾಯನ್ನು ಹಸಿಮಣ್ಣಿನಿಂದ ಭದ್ರವಾಗಿ ಮೆತ್ತಿ, ಇಪ್ಪತ್ತಕ್ಕೂ ಮಿಕ್ಕ ಮೂಸೆಗಳನ್ನು ಒಂದೇ ಕುಲುಮೆಯಲ್ಲಿ ಪೇರಿಸಿ ಎರಡೂವರೆ ಗಂಟೆಯಷ್ಟು ಕಾಲ ಊದುತ್ತಿದ್ದರು. ಗಾಳಿ ಸುಳಿಯದ ಆ ಒಡಲಿನಲ್ಲಿ ಕಟ್ಟಿಗೆಯ ಇಂಗಾಲವು ಕಬ್ಬಿಣದಲ್ಲಿ ಲೀನವಾಗುತ್ತಿದ್ದಿತು. ತಣಿದ ಮೇಲೆ ಮೂಸೆಯನ್ನೊಡೆದರೆ ಉಕ್ಕಿನ ಗಟ್ಟಿ. ರಸಾಯನಶಾಸ್ತ್ರದ ಹೆಸರನ್ನೂ ಕೇಳದ ಜನರ ಈ ಸಿದ್ಧಿಗೆ ನನ್ನ ತಲೆ ಗೌರವದಿಂದ ಬಾಗುತ್ತದೆ.

ಈ ಕ್ರಮವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಸೇಲಮಿನಲ್ಲಿ ಕಂಪನಿಯ ಅಧಿಕಾರಿಯಾಗಿದ್ದ ಜೊಸಾಯ ಮಾರ್ಷಲ್ ಹೀತ್. ನೌಕರಿಯನ್ನು ಬಿಟ್ಟು 1830ರಲ್ಲಿ ಪರಂಗಿಪೇಟೆಯಲ್ಲಿ ಅವನು ಹೂಡಿದ ಕಬ್ಬಿಣದ ಕಾರ್ಖಾನೆಯು ನಷ್ಟದಿಂದ ಮೇಲೇಳಲಿಲ್ಲ. ಇಂಗ್ಲೆಂಡಿಗೆ ಮರಳಿದ ಅವನು 1839ರಲ್ಲಿ, ಉಕ್ಕಿಗೆ ಮ್ಯಾಂಗನೀಸನ್ನು ಬೆರೆಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಇದರಿಂದ ಎರಕದ ಉಕ್ಕನ್ನು ಕಬ್ಬಿಣಕ್ಕೆ ಬೆಸೆಯುವುದು ಸುಲಭವಾಯಿತು, ಶೆಫೀಲ್ಡ್ ನಗರದ ಉಕ್ಕಿನ ಬೆಲೆ ಇಳಿಯಿತು. ಹೀತನಿಗೆ ದೊರೆತದ್ದು ವರ್ಷಗಟ್ಟಲೆಯ ವ್ಯಾಜ್ಯ ಮಾತ್ರ. ಅಂತಿಮ ತೀರ್ಪನ್ನು ಕಾಣದೆಯೇ ಅವನು ತೀರಿಕೊಂಡನು.

ವಿಲಾಯಿತಿಯ ಹಳೆಯ ಅಡಿಗಲ್ಲುಗಳಲ್ಲಿ ಅನೇಕವು ಇಂಥ ಬೆಸುಗೆಯವೇ: ಒಡಲು ಮೆದುಕಬ್ಬಿಣ, ಮುಖ ಉಕ್ಕಿನ ಹಲಗೆ. ಆದುದರಿಂದ ಕೊಳ್ಳುವವನು ಮುಖದ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತ ಹೋಗಬೇಕು; ನಾದವು ಒಂದೆಡೆ ಮಾತ್ರ ಮಂಕಾದರೆ ಅಲ್ಲಿ ಬೆಸುಗೆ ಬಿಟ್ಟಿರುವ ಶಂಕೆಯುಂಟು. ಉಕ್ಕಿನ ಗುಂಡೊಂದನ್ನು ಹತ್ತು ಅಂಗುಲ ಮೇಲಿನಿಂದ ಬಿಟ್ಟಾಗ ಏಳೆಂಟು ಅಂಗುಲ ಪುಟಿದರೆ ಮುಖದ ಗಡಸುತನ ಉಳಿದಿದೆಯೆಂದರ್ಥ. ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡದ್ದಾದರೆ ಗುಂಡು ಸೋತು ನಿಲ್ಲುತ್ತದೆ. ಅಂಚು ಅಲ್ಲಲ್ಲಿ ಮುರಿದಿದ್ದರೂ ಬಾಧಕವಿಲ್ಲ. ಮುಖವನ್ನು ಯಂತ್ರದಿಂದ ಹೆರೆಸಿ ಹೊಳಪಿಟ್ಟದ್ದನ್ನು ಕಂಡರೆ ಮಾತ್ರ ಎಚ್ಚರ ಬೇಕು, ಮೊದಲೇ ತೆಳುವಾದ ಉಕ್ಕು ಅಲ್ಲಿ ಇನ್ನಷ್ಟು ಸವೆದಿರುತ್ತದೆ.

ನಮ್ಮ ಹಳ್ಳಿಯ ಕಮ್ಮಾರನು ಕುಳಿತು ಕೆಲಸ ಮಾಡುವವನಾದುದರಿಂದ ಅವನ ಅಡಿಗಲ್ಲು ಕೊಂಬಿಲ್ಲದ ಚೌಕಗಟ್ಟಿ, ನೆಲದಲ್ಲಿ ಹೂತ ಮರದ ದಿಮ್ಮಿಗೆ ಇಳಿಸಿದ್ದು. ಕೊಂಬಿನ ಅಂದಕ್ಕೆ ಮರುಳಾಗಿ ಎರಕಗಬ್ಬಿಣದ ದೊಡ್ಡ ಗಡ್ಡೆಯೊಂದನ್ನು ಹೊತ್ತು ತರುವುದಕ್ಕಿಂತ, ಗಟ್ಟಿಮುಖದ ಇಂಥ ಚಿಕ್ಕದೊಂದು ಕಲಿಯುವವನಿಗೆ ಲೇಸು. ಈ ಸೀಮೆಯ ನೇಗಿಲ ಗುಳಗಳೂ ಕುಡುಗೋಲುಗಳೂ ಅದರ ಮೇಲೆಯೇ ರೂಪುಗೊಂಡಿವೆ.