ಸಿಹಿಗುಂಬಳದ ಪಲ್ಯ, ಗೊಜ್ಜು

ಅಮೆರಿಕ ಖಂಡ ಮೂಲದ ಸಿಹಿಗುಂಬಳದಿಂದ (ಕುಕುರ್ಬಿಟ ಮೋಸ್ಕೇಟ) ಸಿದ್ಧಪಡಿಸುವ ವ್ಯಂಜನಗಳು. ತೊಟ್ಟುಸಹಿತ ಕೊಯ್ದ ಬಲಿತ ಕಾಯಿ ತಿಂಗಳುಗಟ್ಟಲೆ ಕೆಡದಾದುದರಿಂದ, ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಹಿರೇನಲ್ಲೂರನ್ನೊಳಗೊಂಡ ರಾಗಿ, ತೆಂಗುಗಳ ಬಯಲುಸೀಮೆಗೆ ಇದು ಅನುಕೂಲವಾದ ತರಕಾರಿ. ಪಲ್ಯಕ್ಕೆ ಬೀಜ, ನಾರುಗಳನ್ನು ತೆಗೆದ ಹೋಳುಗಳನ್ನು ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವುಗಳ ಒಗ್ಗರಣೆಗೆ ಹಾಕಿ, ತಾನೇ ನೀರು ಬಿಡುವ ಕಾಯಾದುದರಿಂದ ಸ್ವಲ್ಪವೇ ನೀರು ಚಿಮುಕಿಸಿ, ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ 10-15 ನಿಮಿಷ ಬೇಯಿಸಿ, ಕಾಯಿತುರಿ ಬೆರೆಸಿ ಇಳಿಸುವರು. ಗೊಜ್ಜಿಗಾದರೆ ಹೋಳುಗಳನ್ನು ಮೆತ್ತಗೆ ಬೇಯಿಸಿ, ಕಡಗೋಲಿನಿಂದ ಮಸೆದು, ಹುಣಿಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಕೂಡಿಸಿ, ಸೌಟಿಗೆ ಅಂಟುವಷ್ಟು ಗಟ್ಟಿಯಾಗುವವರೆಗೆ ಕುದಿಸುವರು. ತಿರುಳಿನ ಕಿತ್ತಳೆ ವರ್ಣಕ್ಕೆ ಕಾರಣವಾದ ಬೀಟಾ ಕ್ಯಾರೊಟಿನ್ ಮೇದಸ್ಸಿನಲ್ಲಿ ಕರಗುವ ದ್ರವ್ಯವಾದುದರಿಂದ, ಒಗ್ಗರಣೆಯ ಎಣ್ಣೆಯ ಸಹಯೋಗದಿಂದ ಸುಲಭವಾಗಿ ದೇಹಗತವಾಗಿ ಎ ಜೀವಸತ್ವವಾಗಿ ಪರಿಣಮಿಸುತ್ತದೆ.