ದೀಕ್ಷೆಯಿಲ್ಲದ ಸೇವೆ: ಇಂಗ್ಲೆಂಡಿನ ಚರ್ಚಿನಲ್ಲಿ ‘ರೀಡರ್’ ಪದವಿ

ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನಲ್ಲಿ ಪಾದ್ರಿಯ ದೀಕ್ಷೆ ಪಡೆಯದೆ, ಕಸುಬನ್ನೂ ಸಂಸಾರವನ್ನೂ ಬಿಡದೆ, ಆರಾಧನೆ ನಡೆಸಲು ಮತ್ತು ಉಪದೇಶಿಸಲು ಬಿಷಪ್ಪರಿಂದ ಅಧಿಕಾರ ಪಡೆದವರಿಗೆ ‘ರೀಡರ್’, ಎಂದರೆ ವಾಚಕ, ಎಂದು ಹೆಸರು. ನಮ್ಮ ಕಡೆಯ ಕ್ರೈಸ್ತ ಸಭೆಗಳಲ್ಲಿ ‘ಉಪದೇಶಿ’ ಎಂಬ ಶಬ್ದವುಂಟು; ಆದರೆ ಉಪದೇಶಿಯು ಸಾಮಾನ್ಯವಾಗಿ ಮಿಷನ್ನಿನಿಂದ ವೇತನ ಪಡೆಯುತ್ತಿದ್ದವನು. ಆದಕಾರಣ ಮೂಲದ ಶಬ್ದವನ್ನೇ ಉಳಿಸಿಕೊಂಡಿದ್ದೇವೆ. ಈ ಸೇವೆಗೆ ಬರುವವರು ದೇವರು ತಮ್ಮನ್ನು ಕರೆದನೆಂದು ಹೇಳುವರು. ಚರ್ಚು ಅದನ್ನು ಯಾವಾಗ ಕರೆಯೆಂದು ಒಪ್ಪಿತು, ಯಾವಾಗ ತನ್ನ ಕೊರತೆಯ ಪರಿಹಾರವೆಂದಷ್ಟೇ ಬಗೆಯಿತು ಎಂಬುದೇ ನಮ್ಮ ವಿಚಾರ.

ಎಲಿಜಬೆತ್ ರಾಣಿಯು 1558ರಲ್ಲಿ ಪಟ್ಟಕ್ಕೆ ಬಂದಾಗ ದೇಶದಲ್ಲಿ ಪಾದ್ರಿಗಳು ಸಾಲದಾಗಿದ್ದರು. ಆ ವರ್ಷಗಳ ಜ್ವರದ ಹಾವಳಿಯಲ್ಲಿ ಅನೇಕರು ಮಡಿದಿದ್ದರು. 1559ರ ಹೊಸ ಶಾಸನಗಳಿಗೆ ಒಡಂಬಡದ ಕೆಲವರು ಸ್ಥಾನ ಕಳೆದುಕೊಂಡರು. ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರನ ಕಾಲದಲ್ಲಿ ಬರಿದಾದ ಚರ್ಚುಗಳಿಗೆ ವಾಚಕರನ್ನು ನೇಮಿಸಲಾಯಿತು. 1561ರಲ್ಲಿ ಅವರಿಗೆ ವಿಧಿಸಿದ ಕರಾರು ಗಮನಾರ್ಹವಾದ ದಾಖಲೆ. ವಾಚಕನು ನಿಯಮಿಸಿದ್ದನ್ನು ಸ್ಪಷ್ಟವಾಗಿ ಓದಬೇಕು. ಉಪದೇಶ ಮಾಡಕೂಡದು, ಅರ್ಥ ಬಿಡಿಸಿ ಹೇಳಕೂಡದು. ಸತ್ತವರನ್ನು ಹೂಳಬಹುದು, ದೀಕ್ಷಾಸ್ನಾನ, ಪ್ರಭುಭೋಜನಗಳನ್ನು ನಡೆಸುವಂತಿಲ್ಲ. ವಿದ್ಯಾವಂತ ಪಾದ್ರಿಯೊಬ್ಬನು ನೇಮಕಗೊಂಡರೆ ಜಾಗ ತೆರವು ಮಾಡಬೇಕು. ಚರ್ಚಿಗೆ ಬೇಕಾಗಿದ್ದುದು ಅವನ ಕಂಠ. ಅವನ ಮನಸ್ಸನ್ನು ಅದು ವಿಚಾರಿಸಲಿಲ್ಲ. ಮುಂದೆ ಪಾದ್ರಿಗಳು ದೊರೆಯತೊಡಗಿದಂತೆ ಪದವಿಯು ಕ್ಷೀಣಿಸಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೈಗಾರಿಕೆಯ ಪಟ್ಟಣಗಳು ಬೆಳೆದವು. ಚರ್ಚುಗಳು ಅವುಗಳೊಡನೆ ಬೆಳೆಯಲಿಲ್ಲ. 1851ರ ಧಾರ್ಮಿಕ ಗಣತಿಯ ಭಾನುವಾರ, ಬರಬಹುದಾಗಿದ್ದೂ ಬಾರದವರು ಐವತ್ತು ಲಕ್ಷಕ್ಕೂ ಹೆಚ್ಚು ಮಂದಿಯೆಂದು ಹೊರೇಸ್ ಮ್ಯಾನ್ ಲೆಕ್ಕ ಹಾಕಿದನು. 1866ರಲ್ಲಿ ಬಿಷಪ್ಪರು ಲ್ಯಾಂಬೆತ್‌ನಲ್ಲಿ ಸೇರಿ ರೀಡರ್ ಪದವಿಯನ್ನು ಮತ್ತೆ ಸ್ಥಾಪಿಸಿದರು. ಇದೂ ಕೊರತೆಯಿಂದಲೇ ಹುಟ್ಟಿದ್ದು. ಆದರೂ ಕಾಲಕ್ರಮದಲ್ಲಿ ರೀಡರನಿಗೆ ಉಪದೇಶದ ಹಕ್ಕು ಬಂದಿತು. ಪಾರ್ಕರನ ಕಾಲದ ಕರಾರು ಮುಚ್ಚಿದ್ದ ಬಾಯಿ ಹೀಗೆ ತೆರೆಯಿತು.

ಸ್ತ್ರೀಯರ ವಿಷಯದಲ್ಲಿ ನಡೆದುದನ್ನು ಸಮರ್ಥಿಸುವುದು ನಮಗೆ ಕಷ್ಟ. ಮೊದಲನೆಯ ಮಹಾಯುದ್ಧದಲ್ಲಿ ಪಾದ್ರಿಗಳು ರಣರಂಗಕ್ಕೆ ಹೋದಾಗ ಕೆಲವು ಸ್ತ್ರೀಯರು ‘ಬಿಷಪ್ಪರ ದೂತೆಯರು’ ಎಂಬ ಹೆಸರಿನಲ್ಲಿ ಆರಾಧನೆ ನಡೆಸಿದರು. ಯುದ್ಧವು 1918ರಲ್ಲಿ ಮುಗಿಯಿತು. ಸ್ತ್ರೀಯರಿಗೆ ರೀಡರ್ ಪದವಿ ತೆರೆದದ್ದು 1969ರಲ್ಲಿ. ಆಪತ್ತಿನಲ್ಲಿ ಸಾಕೆನಿಸಿದ ಯೋಗ್ಯತೆ ಶಾಂತಿಕಾಲದಲ್ಲಿ ಐವತ್ತು ವರ್ಷ ಏಕೆ ಸಾಲದಾಯಿತು?

ಇಂದು ಕರೆಯ ಪರೀಕ್ಷೆಗೆ ಕ್ರಮವುಂಟು. ಅಭ್ಯರ್ಥಿಯು ಮೊದಲು ತನ್ನ ಪಾದ್ರಿಯೊಡನೆ ಮಾತನಾಡುವನು. ಊರ ಚರ್ಚಿನ ಮಂಡಳಿಯ ಬೆಂಬಲ ಬೇಕು. ಬಳಿಕ ಬಿಷಪ್ಪರ ಪ್ರಾಂತದವರಿಂದ ಆಯ್ಕೆ, ಅನಂತರ ಶಿಕ್ಷಣ. ಒಬ್ಬನ ಅಂತರಂಗದ ಮಾತನ್ನು ಹತ್ತು ಜನ ಕೇಳಿ ತೂಗುವ ಈ ಪದ್ಧತಿ ಕೆಲವರಿಗೆ ಒರಟೆನಿಸಬಹುದು. ಆದರೆ 1561ರಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಇಲ್ಲಿ ಕೇಳಲಾಗುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ರೀಡರ್ ಪದವಿಗೆ ಪ್ರವೇಶ ಒಮ್ಮೆ ಮಾತ್ರ. ಬೇರೆ ಪ್ರಾಂತಕ್ಕೆ ಹೋದರೂ ಅದನ್ನು ಪುನಃ ನೆರವೇರಿಸುವುದಿಲ್ಲ. ಕೆಲಸ ಮಾಡುವ ಪರವಾನೆಯನ್ನಾದರೋ ಅಲ್ಲಿಯ ಬಿಷಪ್ಪರಿಂದ ಹೊಸದಾಗಿ ಪಡೆಯಬೇಕು. ಕರೆ ವ್ಯಕ್ತಿಯದು, ಕೆಲಸ ಊರಿನದು ಎಂಬ ಈ ಭೇದವನ್ನು ಪಾರ್ಕರನ ಕರಾರಿನಲ್ಲಿ ಹುಡುಕಿದರೂ ಕಾಣದು. ಪ್ರಭುಭೋಜನದ ಅಧ್ಯಕ್ಷತೆ ಮಾತ್ರ ಇಂದಿಗೂ ರೀಡರರಿಗೆ ಇಲ್ಲ. ಬಿಳಿಯ ನಿಲುವಂಗಿಯ ಮೇಲೆ ಅವರು ಧರಿಸುವ ಪಟ್ಟಿ ನೀಲಿ, ಪಾದ್ರಿಯದು ಕಪ್ಪು.